ವಿಶ್ವಕಪ್ ಫುಟ್‌ಬಾಲ್ 2026: ಈ ಸಲ ಯಾವ ತಂಡವನ್ನು ನೆಚ್ಚಿಕೊಳ್ಳುವುದು?

ಜೂನ್ 11ರಿಂದ ಜುಲೈ 19ರವರೆಗೆ ಅಮೆರಿಕ, ಕೆನಡಾ, ಮೆಕ್ಸಿಕೊದಲ್ಲಿ ವಿಶ್ವಕಪ್. 48 ತಂಡ, 104 ಪಂದ್ಯ. ಭಾರತ ಅದರಲ್ಲಿಲ್ಲ, ಹಾಗಾಗಿ ನಾಲ್ಕು ವರ್ಷಕ್ಕೊಮ್ಮೆ ಏಳುವ ಪ್ರಶ್ನೆ ಮತ್ತೆ ಎದ್ದಿದೆ: ಈ ಸಲ ಯಾರ ಕಡೆ? ಮೆಸ್ಸಿ ಇದ್ದಾನೆಂದು ಅರ್ಜೆಂಟೀನಾನೋ, ಹಳೇ ಪ್ರೀತಿಗೆ ಬ್ರೆಜಿಲ್ಲೋ, ಈಗಿನ ಆಟ ನೋಡಿ ಸ್ಪೇನೋ, ಆಳ ನೋಡಿ ಫ್ರಾನ್ಸೋ?

ಗೊಂದಲಕ್ಕೆ ಕಾರಣ, ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕಟ್ಟಿಕೊಂಡಿರುವುದು. ಕಪ್ ಯಾರು ಗೆಲ್ಲುತ್ತಾರೆ ಎಂಬುದು ಒಂದು. ಐದೂವರೆ ವಾರ ಯಾರ ಆಟ ನೋಡುತ್ತ ಕಳೆದರೆ ಸಾರ್ಥಕ ಎಂಬುದು ಇನ್ನೊಂದು. ಎರಡಕ್ಕೂ ಒಂದೇ ಉತ್ತರ ಬರಬೇಕೆಂದಿಲ್ಲ. ಆದರೆ ಎರಡಕ್ಕೂ ಒಂದೇ ಅಳತೆಗೋಲುಗಳನ್ನು ಹಿಡಿದು ನೋಡಬಹುದು.

ಏನನ್ನು ನೋಡಬೇಕು

ಮೊದಲನೆಯದು ತಂಡದ ಆಳ. ಇಲ್ಲಿಯವರೆಗೆ ಏಳು ಪಂದ್ಯ ಆಡಿದರೆ ಕಪ್ ಸಿಗುತ್ತಿತ್ತು, ಈಗ ಎಂಟು. 12 ಗುಂಪುಗಳಿಂದ ಮೊದಲೆರಡು ತಂಡ, ಜೊತೆಗೆ ಮೂರನೇ ಸ್ಥಾನದವರಲ್ಲಿ ಉತ್ತಮ ಎಂಟು ಮುಂದೆ ಹೋಗುತ್ತವೆ. ಅಲ್ಲಿಂದ 32ರ ಘಟ್ಟ ಎಂಬ ಹೊಸ ನಾಕೌಟ್ ಸುತ್ತು. ಐವರು ಬದಲಿ ಆಟಗಾರರಿಗೆ ಅವಕಾಶವಿದೆ, ಹೆಚ್ಚುವರಿ ಅವಧಿಗೆ ಹೋದರೆ ಆರನೆಯವನಿಗೂ. ಹಾಗಾಗಿ ತಂಡದ ಹನ್ನೊಂದು ಹೆಸರು ನೋಡಿ ತೀರ್ಮಾನಿಸಬೇಡಿ, 14ನೇ ಮತ್ತು 15ನೇ ಆಟಗಾರ ಯಾರೆಂದು ನೋಡಿ.

ಎರಡನೆಯದು ದಾರಿ. ಯಾರ ವಿರುದ್ಧ ಎಂಬಷ್ಟೇ ಮುಖ್ಯ, ಯಾವ ಊರಿನಲ್ಲಿ ಎಂಬುದು. ಮೂರು ದೇಶಗಳ 16 ನಗರಗಳಲ್ಲಿ ಆಟ. ಡಲ್ಲಾಸ್, ಹ್ಯೂಸ್ಟನ್, ಅಟ್ಲಾಂಟಾದಲ್ಲಿ ಮುಚ್ಚಬಲ್ಲ ಛಾವಣಿ ಮತ್ತು ಎಸಿ. ಮಯಾಮಿ, ಕಾನ್ಸಾಸ್ ಸಿಟಿ, ಫಿಲಡೆಲ್ಫಿಯಾದಲ್ಲಿ ತೆರೆದ ಮೈದಾನ. 2025ರ ಜೂನ್‌ನಲ್ಲಿ ಕ್ಲಬ್ ವಿಶ್ವಕಪ್ ಅಮೆರಿಕದಲ್ಲಿ ನಡೆದಾಗ ಜರ್ಮನಿಯ ಕ್ಲಬ್ ಬೊರುಸ್ಸಿಯಾ ಡಾರ್ಟ್‌ಮಂಡ್‌ನ ಬದಲಿ ಆಟಗಾರರು ಸಿನ್ಸಿನಾಟಿಯ ಬಿಸಿಲಿಗೆ ಹೆದರಿ ಮೊದಲಾರ್ಧವನ್ನು ಡ್ರೆಸಿಂಗ್ ರೂಮಿನೊಳಗೇ ಕೂತು ನೋಡಿದರು. ಈ ಸಲ ಎಲ್ಲ ಪಂದ್ಯಗಳಲ್ಲೂ ಪ್ರತಿ ಅರ್ಧದ ನಡುವೆ ಮೂರು ನಿಮಿಷ ನೀರಿನ ವಿರಾಮ ಇಟ್ಟಿದ್ದಾರೆ. ಒತ್ತಡ ಹೇರಿ ಚೆಂಡು ಕಸಿಯುವ ತಂಡಗಳಿಗೆ ಇದು ಉಸಿರು ಕೊಡುತ್ತದೆ. ಹಿಡಿತ ತಪ್ಪಿದ ತಂಡದ ಕೋಚ್‌ಗೆ ಆಟ ತಿದ್ದಿಕೊಳ್ಳುವ ಸಮಯವೂ ಸಿಗುತ್ತದೆ.

ಮೂರನೆಯದು ಬಿಗಿ ಪಂದ್ಯ ಮುಗಿಸುವ ಶಕ್ತಿ. 2022ರಲ್ಲಿ ನಾಕೌಟ್ ಹಂತದ 16 ಪಂದ್ಯಗಳಲ್ಲಿ ಐದು ಪೆನಾಲ್ಟಿ ಶೂಟೌಟ್‌ನಲ್ಲಿ ತೀರ್ಮಾನವಾದವು, ಫೈನಲ್ ಕೂಡ. ಗೋಲ್‌ಕೀಪರ್, ಕಾರ್ನರ್ ಮತ್ತು ಫ್ರೀ ಕಿಕ್, ಕೊನೆಯ ಇಪ್ಪತ್ತು ನಿಮಿಷಕ್ಕೆ ಇಳಿಯುವ ಸ್ಟ್ರೈಕರ್: ಇವನ್ನು ತೂಗದೆ ಮಾಡಿದ ಲೆಕ್ಕ ಅರ್ಧ ಲೆಕ್ಕ.

ನಾಲ್ಕನೆಯದು, ಹಿಂದೆ ಹೇಗೆ ಸೋತರು ಮತ್ತು ಆ ದೋಷ ಈಗ ಸರಿಯಾಗಿದೆಯೇ ಎಂಬುದು.

ಐದನೆಯದು ನಮ್ಮದೇ ಸಮಸ್ಯೆ, ನಿದ್ದೆಯ ಬಜೆಟ್. ನ್ಯೂಯಾರ್ಕಿನ ಮಧ್ಯಾಹ್ನ 12 ಗಂಟೆ ನಮಗೆ ರಾತ್ರಿ 9.30. ಅಲ್ಲಿನ 3 ಗಂಟೆ ನಮಗೆ ನಡುರಾತ್ರಿ 12.30, ಸಂಜೆ 6 ಎಂದರೆ ನಸುಕಿನ 3.30, ರಾತ್ರಿ 9 ಎಂದರೆ ಬೆಳಗಿನ 6.30. ಬೆಳಿಗ್ಗೆ ಕೆಲಸಕ್ಕೆ ಹೊರಡುವವರು ತಂಡ ಆರಿಸುವಾಗ ಇದನ್ನು ಕಡೆಗಣಿಸಿದರೆ ಎರಡನೇ ವಾರಕ್ಕೇ ಹೈಲೈಟ್ಸ್ ನೋಡುವ ಸ್ಥಿತಿಗೆ ಬರುತ್ತಾರೆ.

ಸ್ಪೇನ್

ಕಪ್ ಯಾರದ್ದು ಎಂಬ ಪ್ರಶ್ನೆಗೆ ಒಂದೇ ಹೆಸರು ಹೇಳಬೇಕೆಂದರೆ ನನ್ನ ಉತ್ತರ ಸ್ಪೇನ್. ಲಮೀನ್ ಯಮಾಲ್ ಅದಕ್ಕೆ ಅರ್ಧ ಕಾರಣ ಮಾತ್ರ. 2024ರ ಯೂರೊ ಕಪ್‌ನಲ್ಲಿ ಏಳಕ್ಕೆ ಏಳೂ ಪಂದ್ಯ ಗೆದ್ದ ಈ ತಂಡದ ನಿಜವಾದ ಬಲ ಬರ್ಲಿನ್‌ನ ಫೈನಲ್‌ನ ಎರಡನೇ ಅರ್ಧದಲ್ಲಿ ಕಂಡಿತು. ಮಿಡ್‌ಫೀಲ್ಡ್‌ನ ಬೆನ್ನೆಲುಬಾಗಿದ್ದ ರೋಡ್ರಿ ಗಾಯಗೊಂಡು ಮಧ್ಯಂತರದಲ್ಲಿ ಹೊರಗುಳಿದ. ಅವನ ಜಾಗಕ್ಕೆ ಬಂದ ಜುಬಿಮೆಂಡಿ ಆಟದ ಲಯ ಕೆಡಲು ಬಿಡಲಿಲ್ಲ. 86ನೇ ನಿಮಿಷದಲ್ಲಿ ಇಂಗ್ಲೆಂಡ್ ವಿರುದ್ಧ ಗೆಲುವಿನ ಗೋಲು ಹೊಡೆದ ಒಯರ್ಜಾಬಾಲ್ ಕೂಡ ಬೆಂಚಿನಿಂದ ಎದ್ದು ಬಂದವನೇ. ಕುಕುರೆಯಾ ಎಡಗಡೆಯಿಂದ ಹೊರಳಿಸಿದ ಚೆಂಡಿಗೆ ಡಿಫೆಂಡರ್‌ಗಿಂತ ಅರ್ಧ ಹೆಜ್ಜೆ ಮುಂದೆ ಜಾರಿ ಕಾಲು ತಾಗಿಸಿದ, ಅಷ್ಟೆ. 14ನೇ ಮತ್ತು 15ನೇ ಆಟಗಾರನನ್ನು ನೋಡಿ ಎಂದದ್ದು ಇದಕ್ಕೇ.

ದೋಷವೂ ಅಷ್ಟೇ ಸ್ಪಷ್ಟ. 2010ರಲ್ಲಿ ಕಪ್ ಗೆದ್ದ ಮೇಲೆ ವಿಶ್ವಕಪ್‌ನಲ್ಲಿ ಸ್ಪೇನ್ ಒಂದೂ ನಾಕೌಟ್ ಪಂದ್ಯ ಗೆದ್ದಿಲ್ಲ. 2014ರಲ್ಲಿ ಗುಂಪು ಹಂತದಲ್ಲೇ ಮನೆಗೆ. 2018ರಲ್ಲಿ ರಷ್ಯಾ, 2022ರಲ್ಲಿ ಮೊರಾಕೊ, ಎರಡೂ ಸಲ ಶೂಟೌಟ್‌ನಲ್ಲಿ ಸೋಲು. ಎರಡೂ ಪಂದ್ಯಗಳಲ್ಲಿ ಸಾವಿರಕ್ಕೂ ಹೆಚ್ಚು ಪಾಸ್ ಮಾಡಿದ್ದರು. ಮೊರಾಕೊ ವಿರುದ್ಧವಂತೂ ಹೊಡೆದ ಮೂರು ಪೆನಾಲ್ಟಿಯಲ್ಲಿ ಒಂದೂ ಗೋಲಾಗಲಿಲ್ಲ. ಚೆಂಡನ್ನು ಅಡ್ಡಡ್ಡ ಉರುಳಿಸುವ ಆ ಕಾಯಿಲೆಗೆ ಕೋಚ್ ದೆ ಲಾ ಫುಯೆಂತೆ ಔಷಧಿ ಕಂಡುಕೊಂಡಿದ್ದಾರೆ: ಎರಡೂ ಅಂಚಿನಲ್ಲಿ ನೇರ ಮುನ್ನುಗ್ಗುವ ಯಮಾಲ್ ಮತ್ತು ನಿಕೊ ವಿಲಿಯಮ್ಸ್. ಅವರಲ್ಲಿ ಒಬ್ಬರು ಇಲ್ಲದಿದ್ದರೂ ಹಳೇ ಚಾಳಿ ಮರುಕಳಿಸುವ ಅಪಾಯವಿದೆ, ಅಂತಿಮ 26ರ ಪಟ್ಟಿಯಲ್ಲಿ ಮೊದಲು ಹುಡುಕಬೇಕಾದ್ದು ಈ ಎರಡು ಹೆಸರು. ಪೆನಾಲ್ಟಿಯ ಚಿಂತೆ ಇನ್ನೂ ತೀರಿಲ್ಲ, ಯುರೋಪಿನ ದೇಶಗಳ ಟೂರ್ನಿಯಾದ ನೇಷನ್ಸ್ ಲೀಗ್‌ನ 2025ರ ಫೈನಲ್‌ನಲ್ಲಿ ಪೋರ್ಚುಗಲ್‌ಗೆ ಸೋತದ್ದೂ ಶೂಟೌಟ್‌ನಲ್ಲೇ.

ದಾರಿ ಇವರಿಗೆ ಅನುಕೂಲವಾಗಿದೆ. ಮೊದಲೆರಡು ಪಂದ್ಯ ಅಟ್ಲಾಂಟಾದ ಛಾವಣಿಯ ಕೆಳಗೆ. ಗುಂಪಿನಲ್ಲಿ ಮೊದಲಿಗರಾದರೆ ಆಮೇಲಿನ ನಾಲ್ಕು ಪಂದ್ಯಗಳೂ ಲಾಸ್ ಏಂಜಲಿಸ್ ಮತ್ತು ಡಲ್ಲಾಸ್‌ನಲ್ಲಿ, ಎರಡೂ ಕಡೆ ತಲೆಯ ಮೇಲೆ ಛಾವಣಿ. ಫೈನಲ್ ತಲುಪುವ ತನಕ ತೆರೆದ ಬಯಲಿನಲ್ಲಿ ಆಡಬೇಕಾದ್ದು ಉರುಗ್ವೆ ವಿರುದ್ಧ ಮೆಕ್ಸಿಕೊದ ಗ್ವಾಡಲಹಾರದಲ್ಲಿ ಮಾತ್ರ. ನಿದ್ದೆಯ ಲೆಕ್ಕದಲ್ಲೂ ಸ್ಪೇನ್ ಮುಂದೆ: ಜೂನ್ 15ರ ಕೇಪ್ ವರ್ಡೆ ಪಂದ್ಯ, ಜೂನ್ 21ರ ಸೌದಿ ಅರೇಬಿಯಾ ಪಂದ್ಯ ಎರಡೂ ನಮಗೆ ರಾತ್ರಿ 9.30ಕ್ಕೆ. ಊಟ ಮುಗಿಸಿ ಮನೆಮಂದಿಯೆಲ್ಲ ಕೂತು ನೋಡಬಹುದು.

ಫ್ರಾನ್ಸ್

ಹೆಸರಿಗೆ ಹೆಸರು ಇಟ್ಟು ತೂಗಿದರೆ ಫ್ರಾನ್ಸ್‌ನಷ್ಟು ಆಳ ಇನ್ಯಾರಿಗೂ ಇಲ್ಲ. ಎಂಬಾಪೆ, ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿಓರ್ ಪ್ರಶಸ್ತಿಯನ್ನು 2025ರಲ್ಲಿ ಗೆದ್ದ ಡೆಂಬೆಲೆ, ಒಲಿಸೆ, ದೂಯೆ, ಬಾರ್ಕೊಲಾ: ಇವರಲ್ಲಿ ಒಬ್ಬಿಬ್ಬರು ಬೆಂಚಿನಲ್ಲಿ ಕೂರಲೇಬೇಕು. 2012ರಿಂದ ಕೋಚ್ ಆಗಿರುವ ದೆಶಾಂ ಈ ಟೂರ್ನಿಯ ನಂತರ ಇಳಿಯುವುದಾಗಿ ಹೇಳಿದ್ದಾರೆ. 2018ರಲ್ಲಿ ಗೆಲುವು, 2022ರಲ್ಲಿ ಫೈನಲ್. ವಿಶ್ವಕಪ್ ಎಂಬ ಟೂರ್ನಿಯನ್ನು ಹೇಗೆ ದಾಟಬೇಕೆಂದು ಇವರಷ್ಟು ಬಲ್ಲವರು ಈಗ ಆಟದಲ್ಲಿಲ್ಲ.

ಆದರೆ ಗುಂಪು ಗಡುಸು. ಮೊದಲ ಎದುರಾಳಿ ಸೆನೆಗಲ್, 2002ರ ಉದ್ಘಾಟನಾ ಪಂದ್ಯದಲ್ಲಿ ಅಂದಿನ ಚಾಂಪಿಯನ್ ಫ್ರಾನ್ಸನ್ನು 1–0ಯಿಂದ ಕೆಡವಿದ್ದ ಅದೇ ಸೆನೆಗಲ್. ಕೊನೆಯ ಎದುರಾಳಿ ನಾರ್ವೆ. ಅರ್ಹತಾ ಸುತ್ತಿನ ಎಂಟೂ ಪಂದ್ಯ ಗೆದ್ದು, ಇಟಲಿಯನ್ನು ಎರಡೆರಡು ಸಲ ಮಣಿಸಿ, 1998ರ ನಂತರ ಮೊದಲ ಸಲ ಬರುತ್ತಿದೆ. ಆ ಸುತ್ತಿನಲ್ಲಿ ಸ್ಟ್ರೈಕರ್ ಎರ್ಲಿಂಗ್ ಹಾಲೆಂಡ್ ಒಬ್ಬನದೇ 16 ಗೋಲು. ಗುಂಪು ಗೆದ್ದರೂ ನಿರಾಳವಿಲ್ಲ. ಜರ್ಮನಿಯೂ ತನ್ನ ಗುಂಪು ಗೆದ್ದು, ಎರಡೂ 32ರ ಘಟ್ಟ ದಾಟಿದರೆ ಅಲ್ಲಿನ ಜುಲೈ 4ಕ್ಕೆ ಫಿಲಡೆಲ್ಫಿಯಾದಲ್ಲಿ, 16ರ ಘಟ್ಟದಲ್ಲೇ, ಮುಖಾಮುಖಿ. ಅಲ್ಲಿಂದ ಮುಂದೆ ಸೆಮಿಫೈನಲ್‌ನಲ್ಲಿ ಸ್ಪೇನ್. 2024ರ ಯೂರೊ ಸೆಮಿಫೈನಲ್‌ನಲ್ಲಿ 2–1, ಮರುವರ್ಷ ನೇಷನ್ಸ್ ಲೀಗ್ ಸೆಮಿಫೈನಲ್‌ನಲ್ಲಿ 5–4, ಎರಡೂ ಸಲ ಫ್ರಾನ್ಸ್ ಸೋತದ್ದು ಅವರಿಗೇ. ಮುನ್ನುಗ್ಗಿದವರು ಹಿಂದಿರುಗಿ ರಕ್ಷಣೆಗೆ ಇಳಿಯದಿದ್ದಾಗ ಮಿಡ್‌ಫೀಲ್ಡ್‌ನ ಹಿಂದೆ ಜಾಗ ತೆರೆದುಕೊಳ್ಳುತ್ತದೆ, ಸ್ಪೇನ್ ಅದನ್ನೇ ಹುಡುಕುತ್ತದೆ.

ಒಂದು ಅನುಕೂಲವನ್ನು ಮಾತ್ರ ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಗುಂಪು ಗೆದ್ದರೆ ಕ್ವಾರ್ಟರ್‌ಫೈನಲ್‌ವರೆಗಿನ ಆರೂ ಪಂದ್ಯ ನ್ಯೂಜೆರ್ಸಿ, ಫಿಲಡೆಲ್ಫಿಯಾ, ಬಾಸ್ಟನ್‌ಗಳಲ್ಲೇ. ಮೂರೂ ಒಂದೇ ಕರಾವಳಿಯಲ್ಲಿವೆ, ಗಡಿಯಾರ ಬದಲಾಗುವುದಿಲ್ಲ, ಉದ್ದುದ್ದದ ವಿಮಾನ ಪ್ರಯಾಣವಿಲ್ಲ. ಎಂಟು ಪಂದ್ಯದ ಟೂರ್ನಿಯಲ್ಲಿ ಇದರ ಬೆಲೆ ಕಡಿಮೆಯಲ್ಲ.

ದಾಖಲೆ ಇಷ್ಟಪಡುವವರಿಗೆ ಫ್ರಾನ್ಸ್ ಒಳ್ಳೆಯ ಆಯ್ಕೆ. ಎರಡೇ ವಿಶ್ವಕಪ್‌ನಲ್ಲಿ 12 ಗೋಲು ಹೊಡೆದಿರುವ ಎಂಬಾಪೆಗೆ ಜರ್ಮನಿಯ ಕ್ಲೋಸೆಯ 16 ಗೋಲಿನ ದಾಖಲೆ ಕೈಗೆಟಕುವ ದೂರದಲ್ಲಿದೆ. ಪಂದ್ಯಗಳೆಲ್ಲ ನಡುರಾತ್ರಿಯ ಆಚೆ: ಸೆನೆಗಲ್ ಮತ್ತು ನಾರ್ವೆ ಪಂದ್ಯ 12.30ಕ್ಕೆ, ನಡುವಿನದು 2.30ಕ್ಕೆ.

ಅರ್ಜೆಂಟೀನಾ

2021ರ ಕೋಪಾ ಅಮೆರಿಕ (ದಕ್ಷಿಣ ಅಮೆರಿಕದ ಚಾಂಪಿಯನ್‌ಷಿಪ್), 2022ರ ವಿಶ್ವಕಪ್, 2024ರ ಕೋಪಾ. ಕೋಚ್ ಸ್ಕಲೋನಿಯ ತಂಡ ಮೂರು ದೊಡ್ಡ ಕಪ್ಪುಗಳನ್ನು ಸಾಲಾಗಿ ಗೆದ್ದಿದೆ. ದಕ್ಷಿಣ ಅಮೆರಿಕದ ಅರ್ಹತಾ ಸುತ್ತಿನಲ್ಲಿ 38 ಅಂಕದೊಂದಿಗೆ ಮೊದಲ ಸ್ಥಾನ. 2025ರ ಮಾರ್ಚ್‌ನಲ್ಲಿ ಮೆಸ್ಸಿ ಇಲ್ಲದೆಯೇ ಬ್ರೆಜಿಲನ್ನು 4–1ರಿಂದ ಸೋಲಿಸಿತು. ಮೆಸ್ಸಿಯ ಅಭಿಮಾನಿಗಳು ಈ ಕೊನೆಯದನ್ನು ಸ್ವಲ್ಪ ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. ಜೂನ್ 24ಕ್ಕೆ ಅವನಿಗೆ 39 ತುಂಬುತ್ತದೆ. ಎಂಟು ಪಂದ್ಯ, ಪ್ರತಿ ಪಂದ್ಯ 90 ನಿಮಿಷ, ಬೇಸಿಗೆ: ಇದು ಅವನಿಂದ ನಿರೀಕ್ಷಿಸಬೇಕಾದ ಲೆಕ್ಕವಲ್ಲ. ಹೂಲಿಯಾನ್ ಆಲ್ವಾರೆಜ್, ಎನ್ಜೊ ಫೆರ್ನಾಂಡೆಜ್, ಮಕಾಲಿಸ್ಟರ್ ಹೊತ್ತು ನಡೆಸುವ ತಂಡ ಇದು, ಮೆಸ್ಸಿ ಅದರ ಕೊನೆಯ ಪಾಸ್.

ಬಿಗಿ ಪಂದ್ಯ ಮುಗಿಸುವುದರಲ್ಲಿ ಇವರೇ ಮೊದಲು. ಎಮಿಲಿಯಾನೊ ಮಾರ್ಟಿನೆಜ್ ಗೋಲ್‌ಕೀಪರ್ ಆಗಿರುವಾಗ ಕೊಲಂಬಿಯಾ, ನೆದರ್ಲೆಂಡ್ಸ್, ಫ್ರಾನ್ಸ್, ಈಕ್ವೆಡಾರ್ ವಿರುದ್ಧ ನಾಲ್ಕು ದೊಡ್ಡ ಶೂಟೌಟ್ ಆಡಿ ನಾಲ್ಕನ್ನೂ ಗೆದ್ದಿದ್ದಾರೆ. ಪಂದ್ಯ ಪೆನಾಲ್ಟಿಗೆ ಹೋಯಿತೆಂದರೆ ಎದುರಾಳಿ ಅಲ್ಲೇ ಅರ್ಧ ಕುಗ್ಗುತ್ತಾನೆ. ಇನ್ನೊಂದು ಕಡೆ ಇತಿಹಾಸದ ಭಾರವಿದೆ: ಸತತ ಎರಡು ವಿಶ್ವಕಪ್ ಗೆದ್ದವರು ಇಟಲಿ ಮತ್ತು ಬ್ರೆಜಿಲ್ ಮಾತ್ರ, ಬ್ರೆಜಿಲ್ ಅದನ್ನು ಮುಗಿಸಿದ್ದು 1962ರಲ್ಲಿ. ಡಿ ಮರಿಯಾ ರಾಷ್ಟ್ರೀಯ ತಂಡದಿಂದ ನಿವೃತ್ತನಾದ ಮೇಲೆ ಅಂಚಿನಲ್ಲಿ ಒಬ್ಬನೇ ಎದುರಾಳಿಯನ್ನು ದಾಟುವ ಆಟಗಾರ ಇವರಿಗೆ ಸಿಕ್ಕಿಲ್ಲ.

ಗುಂಪು ಸಲೀಸು, ಆದರೆ ಮುಂದಿನ ಹೆಜ್ಜೆಯಲ್ಲಿ ಮುಳ್ಳಿದೆ. ಅರ್ಜೆಂಟೀನಾ ಗುಂಪು ಗೆದ್ದರೆ 32ರ ಘಟ್ಟದಲ್ಲಿ ಎದುರಾಗುವುದು ಸ್ಪೇನ್ ಗುಂಪಿನ ಎರಡನೇ ತಂಡ, ಬಹುಶಃ ಉರುಗ್ವೆ. ಸ್ಪೇನ್ ಜಾರಿದರೆ ಸ್ಪೇನೇ. ಪಂದ್ಯ ಮೆಸ್ಸಿಯ ಈಗಿನ ಊರು ಮಯಾಮಿಯಲ್ಲಿ. ಹಾಗಾಗಿ ಜೂನ್ 27ರ ನಸುಕಿನ ಸ್ಪೇನ್–ಉರುಗ್ವೆ ಪಂದ್ಯ ಅರ್ಜೆಂಟೀನಾ ಅಭಿಮಾನಿಗಳಿಗೂ ಅಷ್ಟೇ ಮುಖ್ಯ. ಇದನ್ನೂ 16ರ ಘಟ್ಟವನ್ನೂ ದಾಟಿದರೆ, ಪೋರ್ಚುಗಲ್ ಕೂಡ ತನ್ನ ಗುಂಪು ಗೆದ್ದು ಮುಂದೆ ಬಂದರೆ, ಅಲ್ಲಿನ ಜುಲೈ 11ಕ್ಕೆ ಕಾನ್ಸಾಸ್ ಸಿಟಿಯಲ್ಲಿ ಮೆಸ್ಸಿ–ರೊನಾಲ್ಡೊ ಕ್ವಾರ್ಟರ್‌ಫೈನಲ್.

ಬೆಳಗಿನ ಕಾಫಿಯ ಹೊತ್ತಿಗೆ ಫುಟ್‌ಬಾಲ್ ಬೇಕೆನ್ನುವವರಿಗೆ ಇವರ ವೇಳಾಪಟ್ಟಿ ಹೇಳಿಮಾಡಿಸಿದ್ದು: ಅಲ್ಜೀರಿಯಾ ವಿರುದ್ಧ ಜೂನ್ 17ರ ಬೆಳಿಗ್ಗೆ 6.30, ಜೋರ್ಡಾನ್ ವಿರುದ್ಧ ಜೂನ್ 28ರ ಬೆಳಿಗ್ಗೆ 7.30, ನಡುವೆ ಆಸ್ಟ್ರಿಯಾ ವಿರುದ್ಧ ಜೂನ್ 22ರ ರಾತ್ರಿ 10.30.

ಇಂಗ್ಲೆಂಡ್

ಅರ್ಹತಾ ಸುತ್ತಿನಲ್ಲಿ ಎಂಟು ಪಂದ್ಯ, ಎಂಟು ಗೆಲುವು, 22 ಗೋಲು ಹೊಡೆದು ಒಂದನ್ನೂ ಬಿಟ್ಟುಕೊಟ್ಟಿಲ್ಲ. ಎದುರಾಳಿಗಳು ದೊಡ್ಡವರಲ್ಲ ಎಂಬುದೂ ನಿಜ. ಕೋಚ್ ಆಗಿ ಟುಹೆಲ್ ಬಂದ ಮೇಲಿನ ಬದಲಾವಣೆ ಸರಳ: ಹೆಸರಿಗಿಂತ ಹೊಂದಾಣಿಕೆಗೆ ಬೆಲೆ, ಕಾರ್ನರ್, ಫ್ರೀ ಕಿಕ್ ಮತ್ತು ಉದ್ದದ ಥ್ರೋಗೆ ಹೆಚ್ಚು ಗಮನ. ಸೆಖೆಯಲ್ಲಿ ಕಾಲು ಸೋತಾಗ ನಿಂತ ಚೆಂಡಿನಿಂದ ಬರುವ ಗೋಲು ದೊಡ್ಡ ಆಸ್ತಿ.

ಇವರ ದಾರಿಯಲ್ಲಿ ಒಂದು ಬೆಟ್ಟವಿದೆ, ಅಕ್ಷರಶಃ. ಇಂಗ್ಲೆಂಡ್ ಮತ್ತು ಮೆಕ್ಸಿಕೊ ಎರಡೂ ಗುಂಪು ಗೆದ್ದು, 32ರ ಘಟ್ಟ ದಾಟಿದರೆ 16ರ ಘಟ್ಟದ ಪಂದ್ಯ ಮೆಕ್ಸಿಕೊ ಸಿಟಿಯ ಅಜ್ಟೆಕಾದಲ್ಲಿ, ಸಮುದ್ರಮಟ್ಟದಿಂದ ಸುಮಾರು 2,200 ಮೀಟರ್ ಎತ್ತರದಲ್ಲಿ. ತೆಳು ಗಾಳಿಯಲ್ಲಿ ಉದ್ದನೆಯ ಚೆಂಡು ಅಂದಾಜಿಗಿಂತ ಮುಂದೆ ಹೋಗಿ ಬೀಳುತ್ತದೆ, ಒಂದು ಓಟ ಓಡಿದವನಿಗೆ ಮತ್ತೆ ಉಸಿರು ಹಿಡಿಯಲು ಹೊತ್ತು ಬೇಕಾಗುತ್ತದೆ. ಗುಂಪಿನಲ್ಲಿ ಎರಡನೆಯವರಾದರೆ ಇನ್ನೂ ಕೆಟ್ಟದು, ಅದೇ ಘಟ್ಟದಲ್ಲಿ ಸ್ಪೇನ್ ಎದುರಾಗಬಹುದು. ಜೂನ್ 18ರ ನಡುರಾತ್ರಿ 1.30ರ ಕ್ರೊಯೇಷಿಯಾ ಪಂದ್ಯ ಇದಕ್ಕಾಗಿಯೇ ಅವರ ಅತಿ ದೊಡ್ಡ ಗುಂಪು ಪಂದ್ಯ. ಉಳಿದೆರಡೂ ಹೊತ್ತಲ್ಲದ ಹೊತ್ತಿಗೆ, 1.30 ಮತ್ತು 2.30ಕ್ಕೆ. ನಿದ್ದೆ ಬಿಡಲಾಗದವರು ಇಂಗ್ಲೆಂಡನ್ನು ಕೈಬಿಡುವುದು ಒಳ್ಳೆಯದು.

ಬ್ರೆಜಿಲ್

ಬೆಂಗಳೂರಿನ ಗೌತಮಪುರದಂಥ ಕಡೆ, ಪೆಲೆಯ ಪ್ರತಿಮೆಯೇ ನಿಂತಿರುವಲ್ಲಿ, ಬ್ರೆಜಿಲ್ ಬೇಡವೆನ್ನಲು ಯಾವ ಅಂಕಿಅಂಶವೂ ಸಾಲದು. ಆ ಪ್ರೀತಿಗೆ ತಕರಾರಿಲ್ಲ. ಆದರೆ ಊಹೆಯ ಪಟ್ಟಿ ತುಂಬುವವರು ಇದನ್ನು ನೋಡಲಿ: 2006ರಲ್ಲಿ ಫ್ರಾನ್ಸ್, 2010ರಲ್ಲಿ ನೆದರ್ಲೆಂಡ್ಸ್, 2014ರಲ್ಲಿ ಜರ್ಮನಿ 7–1, 2018ರಲ್ಲಿ ಬೆಲ್ಜಿಯಂ, 2022ರಲ್ಲಿ ಕ್ರೊಯೇಷಿಯಾ. 2002ರ ನಂತರ ಪ್ರತಿ ಸಲವೂ ಬ್ರೆಜಿಲನ್ನು ನಾಕೌಟ್‌ನಲ್ಲಿ ಹೊರಹಾಕಿದ್ದು ಯುರೋಪಿನ ತಂಡವೇ. ಅರ್ಹತಾ ಸುತ್ತಿನಲ್ಲಿ 28 ಅಂಕ, ಐದನೇ ಸ್ಥಾನ. 2025ರ ಮೇನಲ್ಲಿ ಬಂದ ಕೋಚ್ ಆಂಚೆಲೊಟ್ಟಿ ರಕ್ಷಣೆಯನ್ನು ಬಿಗಿ ಮಾಡಿದ್ದಾರೆ. ಆದರೂ ಅದೇ ಅಕ್ಟೋಬರ್‌ನಲ್ಲಿ ಜಪಾನ್ ವಿರುದ್ಧ 2–0 ಮುಂದಿದ್ದು 3–2ರಿಂದ ಸೋತರು. ಗುಂಪಿನ ಮೊದಲ ಪಂದ್ಯವೇ ಮೊರಾಕೊ, ನಮಗೆ ಜೂನ್ 14ರ ನಸುಕಿನ 3.30ಕ್ಕೆ. ಗುಂಪು ಗೆದ್ದರೆ 32ರ ಘಟ್ಟದಲ್ಲಿ ನೆದರ್ಲೆಂಡ್ಸ್, ಜಪಾನ್ ಇರುವ ಗುಂಪಿನ ಎರಡನೇ ತಂಡ. ದೊಡ್ಡ ತಂಡಗಳ ಪೈಕಿ ಅತಿ ಬೇಗ ಸೋಲುವ ಅಪಾಯ ಇವರಿಗೇ ಹೆಚ್ಚು ಎಂಬುದು ನನ್ನ ಅಂದಾಜು. ವಿನಿಷಿಯಸ್ ಮತ್ತು ರಫಿನ್ಯಾ ಲಯಕ್ಕೆ ಬಂದ ದಿನ ಅತ್ಯಂತ ಸುಂದರವಾಗಿ ಆಡುವವರೂ ಇವರೇ.

ಪೋರ್ಚುಗಲ್, ಜರ್ಮನಿ ಮತ್ತು ಉಳಿದವರು

ಪೋರ್ಚುಗಲ್‌ನ ಮಿಡ್‌ಫೀಲ್ಡ್, ಅಂದರೆ ವಿಟಿನ್ಯಾ, ಜೊಆವ್ ನೆವೆಸ್, ಬ್ರೂನೊ ಫೆರ್ನಾಂಡಿಸ್, ಸ್ಪೇನ್‌ಗೆ ಸರಿಸಮ. ಪ್ರಶ್ನೆ ಇರುವುದು ಮುಂದೆ. 41ರ ರೊನಾಲ್ಡೊ ವಿಶ್ವಕಪ್‌ನಲ್ಲಿ ಹೊಡೆದ ಎಂಟೂ ಗೋಲುಗಳು ಗುಂಪು ಹಂತದಲ್ಲೇ, ನಾಕೌಟ್‌ನಲ್ಲಿ ಒಂದೂ ಇಲ್ಲ. ಅವನನ್ನು ಯಾವಾಗ ಹೊರಗೆ ಕರೆಯಬೇಕೆಂಬ ಧೈರ್ಯ ಕೋಚ್ ಮಾರ್ಟಿನೆಜ್‌ಗೆ ಇದ್ದರೆ ಈ ತಂಡ ಫೈನಲ್ ಆಡಬಲ್ಲದು. ನಮ್ಮ ಪಾಲಿಗೆ ಹಿತವಾದ ಸಮಯ: ಜೂನ್ 17 ಮತ್ತು 23, ಎರಡೂ ಹ್ಯೂಸ್ಟನ್‌ನಲ್ಲಿ, ರಾತ್ರಿ 10.30ಕ್ಕೆ.

ಜರ್ಮನಿ 2018 ಮತ್ತು 2022ರಲ್ಲಿ ಗುಂಪಿನಲ್ಲೇ ಮುಗ್ಗರಿಸಿತ್ತು. ಈ ಸಲ ಆರಂಭ ಕ್ಯುರಸಾವ್ ವಿರುದ್ಧ, ವಿಶ್ವಕಪ್‌ಗೆ ಬಂದ ಅತಿ ಕಡಿಮೆ ಜನಸಂಖ್ಯೆಯ ದೇಶ. ಗುಂಪು ದಾಟುತ್ತಾರೆ, ಫ್ರಾನ್ಸನ್ನು ದಾಟುವುದು ಕಷ್ಟ. ಮೂರು ಫೈನಲ್ ಸೋತಿರುವ ನೆದರ್ಲೆಂಡ್ಸ್‌ಗೆ ವ್ಯಾನ್ ಡೈಕ್ ಮುಂದಾಳು, ಆದರೆ ಕಪ್ ಗೆಲ್ಲಿಸುವ ಸ್ಟ್ರೈಕರ್ ಕಾಣುತ್ತಿಲ್ಲ.

ದೊಡ್ಡವರ ಗೊಡವೆ ಬೇಡ, ಬೆರಗು ಬೇಕು ಎನ್ನುವವರಿಗೆ ಮೂರು ಹೆಸರು. ಮೊರಾಕೊ: 2022ರಲ್ಲಿ ಸೆಮಿಫೈನಲ್ ಆಡಿದ ಮೊದಲ ಆಫ್ರಿಕನ್ ತಂಡ, 2025ರಲ್ಲಿ 20 ವರ್ಷದೊಳಗಿನವರ ವಿಶ್ವಕಪ್ ಫೈನಲ್‌ನಲ್ಲಿ ಅರ್ಜೆಂಟೀನಾವನ್ನು 2–0ಯಿಂದ ಸೋಲಿಸಿದ ದೇಶ. ಈಕ್ವೆಡಾರ್: ದಕ್ಷಿಣ ಅಮೆರಿಕದ 18 ಅರ್ಹತಾ ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು ಬರೀ ಐದು ಗೋಲು. ನೋಡಲು ರೋಚಕವಲ್ಲ, ಸೋಲಿಸುವುದೂ ಸುಲಭವಲ್ಲ. ಜಪಾನ್: ಕಳೆದ ಸಲ ಜರ್ಮನಿ, ಸ್ಪೇನ್ ಎರಡನ್ನೂ ಕೆಡವಿತು. ನಾಕೌಟ್‌ನಲ್ಲಿ ಒಂದು ಪಂದ್ಯ ಗೆಲ್ಲುವುದಷ್ಟೇ ಅವರಿಗೆ ಇನ್ನೂ ಬಾಕಿ.

ಹಾಗಾದರೆ ಆಯ್ಕೆ

ಗೆಲ್ಲುವವರ ಕಡೆ ಇರಬೇಕು, ನಿದ್ದೆಯೂ ಉಳಿಯಬೇಕು ಅಂದರೆ ಸ್ಪೇನ್. ರಾತ್ರಿ ಎಚ್ಚರವಿರಬಲ್ಲವರಿಗೆ, ಗೋಲು ಮತ್ತು ವೇಗ ಬೇಕೆನ್ನುವವರಿಗೆ ಫ್ರಾನ್ಸ್. ಮೆಸ್ಸಿಯನ್ನು ಕೊನೆಯ ಸಲ ವಿಶ್ವಕಪ್‌ನಲ್ಲಿ ನೋಡಬೇಕೆಂಬ ಆಸೆಯಿದ್ದರೆ ಅರ್ಜೆಂಟೀನಾ, ಅದೂ ಬೆಳಗಿನ ಹೊತ್ತಿಗೆ ಸಿಗುತ್ತದೆ. ಮಕ್ಕಳಿಗೆ ಆಟ ಪರಿಚಯಿಸುವವರು ಪೋರ್ಚುಗಲ್ ಮತ್ತು ಸ್ಪೇನ್‌ನ ಮೊದಲೆರಡು ಪಂದ್ಯ ಹಿಡಿದರೆ ಸಾಕು, ಜರ್ಮನಿ–ಕ್ಯುರಸಾವ್ ಕೂಡ ಜೂನ್ 14ರ ರಾತ್ರಿ 10.30ಕ್ಕಿದೆ.

ಕಚೇರಿಯಲ್ಲಿ ಗೆಳೆಯರ ಜೊತೆ ಊಹೆಯ ಪಟ್ಟಿ ತುಂಬುವವರು ಮಾಡುವ ಸಾಮಾನ್ಯ ತಪ್ಪು ಸ್ಪೇನ್–ಫ್ರಾನ್ಸ್ ಫೈನಲ್ ಬರೆಯುವುದು. ಎರಡೂ ಗುಂಪು ಗೆದ್ದರೆ ಅವು ಒಂದೇ ಅರ್ಧದಲ್ಲಿವೆ, ಸೆಮಿಫೈನಲ್ ದಾಟಿ ಜೊತೆಯಾಗಲಾರವು. ಅರ್ಜೆಂಟೀನಾ ಮತ್ತು ಇಂಗ್ಲೆಂಡ್ ಇನ್ನೊಂದು ಅರ್ಧದಲ್ಲಿ. ಪ್ರತಿ ಅರ್ಧದಿಂದ ಒಬ್ಬರನ್ನು ಆರಿಸಿ. ಮೂರನೇ ಸ್ಥಾನದ ತಂಡಗಳನ್ನು ಆರಿಸುವಾಗ ಮೂರು ಅಂಕವಿದ್ದರೂ ತಳ್ಳಿಹಾಕಬೇಡಿ. ಇದೇ ಬಗೆಯ ಲೆಕ್ಕವಿದ್ದ 2024ರ ಯೂರೊದಲ್ಲಿ ಸ್ಲೊವೇನಿಯಾ ಮೂರು ಡ್ರಾ ಮಾಡಿಯೇ ಮುಂದೆ ಹೋಗಿತ್ತು. ಗುಂಪು ಹಂತ ನಮಗೆ ಜೂನ್ 28ರ ಬೆಳಿಗ್ಗೆ ಮುಗಿಯುತ್ತದೆ. ಪಟ್ಟಿ ತಿದ್ದಲು ನಿಮ್ಮ ಬಳಗದಲ್ಲಿ ಅವಕಾಶವಿದ್ದರೆ ಅಂದೇ ರಾತ್ರಿಯೊಳಗೆ ಕೂತು ಯಾರು ಯಾವ ಕಡೆಗೆ ಬಿದ್ದರೆಂದು ನೋಡಿ ತಿದ್ದಿ. ಸೆಮಿಫೈನಲ್ ಎರಡೂ ಮತ್ತು ಫೈನಲ್ ನಮಗೆ ನಡುರಾತ್ರಿ 12.30ಕ್ಕೆ. ಫೈನಲ್ ನಡೆಯುವ ಜುಲೈ 20 ಇಲ್ಲಿ ಸೋಮವಾರ, ರಜೆ ಬೇಕಿದ್ದರೆ ಈಗಲೇ ಕೇಳಿಟ್ಟುಕೊಳ್ಳಿ.